ಬಯಲಲ್ಲಿ ನಿಂತ ಉಗಿ ಎಂಜಿನ್: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

1992ರಲ್ಲಿ ಹಳಿಗಳನ್ನು ಬ್ರಾಡ್ ಗೇಜ್ ಎಂಬ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆ ಶುರುವಾಗಿ, ಒಂದು ಮೀಟರ್ ಅಗಲದ ಮೀಟರ್ ಗೇಜ್ ಹಳಿಗಳು ಒಂದೊಂದಾಗಿ ಎದ್ದುಹೋಗುವ ಹೊತ್ತಿಗೆ, ನಮ್ಮ ಕಡೆ ಓಡಾಡಿಕೊಂಡಿದ್ದ ವೈಪಿ, ವೈಜಿ ಎಂಬ ಮೀಟರ್ ಗೇಜ್ ಉಗಿ ಎಂಜಿನ್‌ಗಳ ಕಾಲವೂ ಮುಗಿಯುತ್ತಾ ಬಂದಿತ್ತು. ಬಹುಪಾಲು ಗುಜರಿಗೆ ಹೋದವು. ಉಳಿದುಕೊಂಡವುಗಳಲ್ಲಿ ಕೆಲವಕ್ಕೆ ಮ್ಯೂಸಿಯಂನಲ್ಲಿ ಜಾಗ ಸಿಕ್ಕಿತು. ಮೈಸೂರಿನ ರೈಲು ಮ್ಯೂಸಿಯಂ 1979ರಿಂದಲೇ ಇದೆ. ಇನ್ನು ಕೆಲವು ನಿಲ್ದಾಣದ ಅಂಗಳದಲ್ಲೋ ಕಚೇರಿಯ ಗೇಟಿನ ಪಕ್ಕದಲ್ಲೋ ಕಟ್ಟೆ ಏರಿ ನಿಂತವು. ಸಮಾರಂಭ ಬಂದಾಗ ಮೈಗೆ ಕರಿ ಬಣ್ಣ, ಮೂತಿಗೆ ಸಿಲ್ವರ್ ಪೇಂಟ್, ಚಕ್ರದ ಅಂಚಿಗೆ ಬಿಳಿ ಗೆರೆ. ಆರೈಕೆ ಅಂದರೆ ಅಷ್ಟೇ.

ಇಂಥ ಎಂಜಿನ್ನಿನ ಹೊಣೆ ಹೊತ್ತವರು ಮೊದಲು ಕೇಳುವ ಪ್ರಶ್ನೆ, "ಇದನ್ನ ಮತ್ತೆ ಓಡಿಸಬಹುದಾ?" ಆ ಪ್ರಶ್ನೆಗೆ ಉತ್ತರ ಹೇಳುವುದು ಬಾಯ್ಲರ್, ಅದೂ ಕಡೆಯಲ್ಲಿ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ: ಮಳೆ ನೀರು ಎಲ್ಲಿಂದ ಒಳಗೆ ಇಳಿಯುತ್ತಿದೆ, ಇಳಿದದ್ದು ಎಲ್ಲಿ ನಿಲ್ಲುತ್ತಿದೆ? ಓಡುವ ಎಂಜಿನ್ ಸವೆದು ಹಾಳಾಗುತ್ತದೆ. ನಿಂತ ಎಂಜಿನ್ ಹಾಳಾಗುವುದು ನೀರು ನಿಂತು. ಕೆಳಗೆ ಬರುವ ಲಕ್ಷಣಗಳಲ್ಲಿ ಮುಕ್ಕಾಲು ಪಾಲು ಇದೊಂದರ ಬೇರೆ ಬೇರೆ ಮುಖ. ಬಣ್ಣ ಕಡೆಯ ಕೆಲಸ, ಮೊದಲನೆಯದಲ್ಲ.

ಕೈಯಲ್ಲಿ ಇರಬೇಕಾದ್ದು: ಒಳ್ಳೆಯ ಟಾರ್ಚ್, ಕಾಲು ಕೆಜಿಯ ಸುತ್ತಿಗೆ, ಒಂದು ಆಯಸ್ಕಾಂತ, ತೆಳು ತಂತಿ, ಬಕೆಟ್, ನೋಟ್‌ಬುಕ್, ಫೋನಿನ ಕ್ಯಾಮೆರಾ. ಮೊದಲ ಸುತ್ತಿನ ತಪಾಸಣೆಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ.

ಮುಟ್ಟುವ ಮೊದಲು

ಎಂಜಿನ್ ಯಾರದೋ ಅವರಿಂದ ಕಾಗದದ ಮೇಲೆ ಅನುಮತಿ ಪಡೆಯಿರಿ. ಪಕ್ಕದ ಹಳಿಗೆ ವಿದ್ಯುತ್ ತಂತಿ ಎಳೆದಿದ್ದರೆ ಎಂಜಿನ್ನಿನ ಮೇಲಕ್ಕೆ, ಅದರ ಹಿಂದೆ ನೀರು, ಕಲ್ಲಿದ್ದಲು ಹೊರುವ ಟೆಂಡರ್ ಮೇಲಕ್ಕೆ ಹತ್ತುವ ಮಾತೇ ಇಲ್ಲ. ಅದು 25,000 ವೋಲ್ಟ್. ಹೊಡೆಯಲು ತಂತಿಯನ್ನು ಮುಟ್ಟಬೇಕಾಗಿಲ್ಲ, ಹತ್ತಿರ ಹೋದರೆ ಸಾಕು.

ಬಾಯ್ಲರ್ ಮೇಲೆ ಹೊದಿಸಿದ ತಗಡಿನ ಒಳಗೆ ಬೂದು ಬಿಳುಪಿನ, ನಾರುನಾರಾದ, ಕೈಯಲ್ಲಿ ಹಿಟ್ಟಾಗುವ ಹೊದಿಕೆ ಕಂಡರೆ ಅದು ಕಲ್ನಾರು ಎಂದೇ ತಿಳಿಯಿರಿ. ಅಂದರೆ ಆಸ್ಬೆಸ್ಟಾಸ್. ಆ ಕಾಲದ ಎಂಜಿನ್‌ಗಳಲ್ಲಿ ಅದು ಮಾಮೂಲು. ಕೀಳಬೇಡಿ, ಗುಡಿಸಬೇಡಿ, ಊದಬೇಡಿ. ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿದು, ಅದನ್ನು ತೆಗೆಯಲು ಪರವಾನಗಿ ಇರುವವರನ್ನು ಕರೆಸಿ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಮಾಡುವ ಕೆಲಸವಲ್ಲ ಇದು. ಹಳೆಯ ಬಣ್ಣದ ತಳದಲ್ಲಿ ಕಿತ್ತಳೆಗೆಂಪು ಪದರ ಕಂಡರೆ ಅದು ಸೀಸದ ಬಣ್ಣವಿರಬಹುದು. ಒಣದಾಗಿ ಉಜ್ಜಬೇಡಿ, ಗ್ಯಾಸ್ ಜ್ವಾಲೆ ಹಿಡಿಯಬೇಡಿ, ಆ ಕೈಯಲ್ಲೇ ತಿಂಡಿ ತಿನ್ನಬೇಡಿ.

ಇನ್ನೊಂದು ಅಪಾಯ ಬಹಳ ಜನಕ್ಕೆ ತಿಳಿದಿಲ್ಲ. ಮುಚ್ಚಿಟ್ಟ ಟೆಂಡರ್ ಟ್ಯಾಂಕಿನೊಳಗೆ, ಬಾಯ್ಲರಿನೊಳಗೆ ಕಬ್ಬಿಣ ತುಕ್ಕು ಹಿಡಿಯುತ್ತಾ ಅಲ್ಲಿನ ಗಾಳಿಯ ಆಮ್ಲಜನಕವನ್ನು ತಿಂದುಹಾಕಿರುತ್ತದೆ. ನೋಡಲು ಖಾಲಿ ಟ್ಯಾಂಕ್, ಇಳಿದರೆ ಮನುಷ್ಯ ಕುಸಿದು ಬೀಳುತ್ತಾನೆ. ಎಲ್ಲ ಬಾಯಿ ತೆರೆದು, ಫ್ಯಾನ್ ಇಟ್ಟು ಗಾಳಿಯಾಡಿಸಿ, ಆಮ್ಲಜನಕದ ಮೀಟರ್ ಹಿಡಿದು ನೋಡಿದ ಮೇಲೆ, ಹೊರಗೆ ಒಬ್ಬರನ್ನು ನಿಲ್ಲಿಸಿಕೊಂಡೇ ತಲೆ ಹಾಕಿ. ಇನ್ನು ಚಿಮಣಿಯಲ್ಲಿ ಹೆಜ್ಜೇನು, ಬೆಂಕಿಯ ಕೆಳಗೆ ಬೂದಿ ಬೀಳುವ ಆಶ್‌ಪ್ಯಾನಿನಲ್ಲಿ ಹಾವು ಇರುವುದು ಹೊಸತೇನಲ್ಲ. ಫೈರ್‌ಬಾಕ್ಸ್, ಅಂದರೆ ಬೆಂಕಿಗೂಡಿನ ಬಾಗಿಲನ್ನು ಕೋಲಿನಿಂದ ತೆರೆಯಿರಿ.

ಲಕ್ಷಣ: ಬಣ್ಣ ಉಬ್ಬಿದೆ, ರಿವೆಟ್ ಸಾಲಿನಿಂದ ಕೆಂಪು ನೀರು ಇಳಿದ ಗುರುತಿದೆ

ಮೊದಲು ಆಯಸ್ಕಾಂತ ತೆಗೆದುಕೊಂಡು ಡ್ರೈವರ್ ನಿಲ್ಲುವ ಕ್ಯಾಬಿನ ಬದಿ, ಟೆಂಡರ್ ಅಂಚು, ಕಾಲಿಡುವ ಫುಟ್‌ಪ್ಲೇಟ್ ಎಲ್ಲದರ ಮೇಲೆ ಓಡಿಸಿ. ಅಂಟದ ಕಡೆ ತಗಡೇ ಇಲ್ಲ, ಎಂ-ಸೀಲ್ ಅಥವಾ ಪುಟ್ಟಿ ಮೆತ್ತಿ ಮೇಲೆ ಬಣ್ಣ ಬಳಿದಿದ್ದಾರೆ. ಅಂಗೈಯಗಲದ ಜಾಗದಲ್ಲಿ ಐದಾರು ಪದರ ಬಣ್ಣ, ಅದರ ಹಿಂದೆ ಪುಟ್ಟಿ, ಪುಟ್ಟಿಯ ಹಿಂದೆ ತುರುಕಿದ ಗೋಣಿಚೀಲದ ಚೂರು, ಅದರಾಚೆ ಬರೀ ಗಾಳಿ. ಇಂಥದ್ದು ಸಿಕ್ಕಿದರೆ ಬೇಸರಪಡಬೇಕಿಲ್ಲ. ಕ್ಯಾಬ್ ತಗಡು ಎಂಜಿನ್ನಿನ ಚರ್ಮ ಮಾತ್ರ, ಬದಲಾಯಿಸುವುದು ಸುಲಭ. ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಫೋಟೊ ತೆಗೆದಿಟ್ಟುಕೊಳ್ಳಿ.

ಎರಡು ತಗಡು ಒಂದರ ಮೇಲೊಂದು ಕೂತ ಜೋಡಣೆಯಲ್ಲಿ ನಡುವೆ ಬಿರುಕು ಬಿಟ್ಟು, ರಿವೆಟ್‌ಗಳ ಮಧ್ಯೆ ತಗಡು ಹೊಟ್ಟೆ ಬಿಟ್ಟಿದ್ದರೆ ಅರ್ಥ ಬೇರೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಒಳಗೆ ಸೇರಿದ ನೀರು ತಗಡುಗಳನ್ನು ಬೇರೆ ಮಾಡುತ್ತಿದೆ. ಇದರ ಮೇಲೆ ಬಣ್ಣ ಬಳಿಯುವುದು ನೀರನ್ನು ಒಳಗೇ ಕೂಡಿಹಾಕಿದಂತೆ. ಟೆಂಡರಿನಲ್ಲಾದರೆ ರಿವೆಟ್ ಕತ್ತರಿಸಿ ತೆಗೆದು ಸರಿಮಾಡಬಹುದು. ಫ್ರೇಮಿನಲ್ಲೋ ಬಾಯ್ಲರಿನ ಸೇರುವೆಯಲ್ಲೋ ಕಂಡರೆ ಅಲ್ಲಿಗೆ ನಿಲ್ಲಿಸಿ, ತಿಳಿದವರಿಗೆ ತೋರಿಸಿ.

ಬಾಯ್ಲರ್ ಹೊದಿಕೆಯ ತಗಡಿನ ಕೆಳಂಚಿನಿಂದ ಮಳೆ ನಿಂತು ಎರಡು ದಿನವಾದರೂ ನೀರು ತೊಟ್ಟಿಕ್ಕುತ್ತಿದೆಯೇ? ಹಾಗಿದ್ದರೆ ಒಳಗಿನ ಹೊದಿಕೆ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡಿದೆ, ಬಾಯ್ಲರ್ ವರ್ಷವಿಡೀ ಒದ್ದೆ ಬಟ್ಟೆ ಹೊದ್ದುಕೊಂಡಿದೆ ಎಂದರ್ಥ. ಬಾಯ್ಲರ್ ನೆತ್ತಿಯ ಡೋಮ್ (ಉಗಿ ಸೇರುವ ಗುಮ್ಮಟ), ಸೇಫ್ಟಿ ವಾಲ್ವ್ (ಒತ್ತಡ ಮೀರಿದರೆ ತಾನೇ ಉಗಿ ಬಿಡುವ ಕವಾಟ), ಸೀಟಿ ಇವುಗಳ ಬುಡದಲ್ಲಿ ತಗಡು ಸೇರುವ ಸಂದುಗಳೇ ನೀರಿನ ದಾರಿ. ಅಲ್ಲಿಗೆ ಟಾರ್ಪಲ್ ಹೊದಿಸುವುದು ತಾತ್ಕಾಲಿಕ. ಸರಿಯಾದ ಮದ್ದು ತಲೆಯ ಮೇಲೊಂದು ಶೀಟಿನ ಸೂರು. ಹೊಸ ಬಣ್ಣಕ್ಕೆ ಬಂದ ಹಣವನ್ನು ಸೂರಿಗೆ ತಿರುಗಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸೂರಿನ ಮೇಲೆ ಉದ್ಘಾಟನೆಯ ಹೆಸರು ಹಾಕಿಸಬಹುದು ಅಂದರೆ ಒಮ್ಮೊಮ್ಮೆ ಕೇಳುತ್ತಾರೆ.

ಲಕ್ಷಣ: ಸ್ಮೋಕ್‌ಬಾಕ್ಸ್ ತಳ ಪದರ ಪದರವಾಗಿ ಏಳುತ್ತಿದೆ

ಸ್ಮೋಕ್‌ಬಾಕ್ಸ್ ಅಂದರೆ ಬಾಯ್ಲರಿನ ಮುಂದೆ, ಚಿಮಣಿಯ ಕೆಳಗೆ ಹೊಗೆ ಬಂದು ಸೇರುವ ಪೆಟ್ಟಿಗೆ. ಅದರ ಮುಂದಿನ ದುಂಡು ಬಾಗಿಲು ತೆರೆದು ಕೆಳಗೆ ನೋಡಿ. ಕಲ್ಲಿದ್ದಲ ಬೂದಿಯಲ್ಲಿ ಗಂಧಕದ ಅಂಶ ಇರುತ್ತದೆ. ಮೇಲಿನ ಚಿಮಣಿ ತೆರೆದೇ ಇದ್ದು ಮಳೆ ನೇರವಾಗಿ ಒಳಗೆ ಬಿದ್ದರೆ ಬೂದಿ ನೆನೆದು ಆಮ್ಲವಾಗುತ್ತದೆ. ಕಡೆಯ ಓಟದ ಬೂದಿಯನ್ನು ತೆಗೆಯದೆ ನಿಲ್ಲಿಸಿದ ಎಂಜಿನ್ನಿನಲ್ಲಿ ಈ ಗಸಿ ದಶಕಗಟ್ಟಲೆ ತಳವನ್ನು ತಿಂದಿರುತ್ತದೆ.

ಬೂದಿಯನ್ನು ಪೂರ್ತಿ ತೆಗೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು "ಠಣ್" ಅನ್ನುತ್ತದೆ, ತಿಂದುಹೋದದ್ದು "ದಬ್" ಅನ್ನುತ್ತದೆ, ಕೆಲವೊಮ್ಮೆ ಸುತ್ತಿಗೆಯೇ ಒಳಗೆ ಹೋಗುತ್ತದೆ. ಸ್ಮೋಕ್‌ಬಾಕ್ಸ್‌ನಲ್ಲಿ ಉಗಿಯ ಒತ್ತಡ ಇರುವುದಿಲ್ಲ, ಹಾಗಾಗಿ ಅದರ ತಗಡು ಬದಲಾಯಿಸುವುದು ದೊಡ್ಡ ಕೆಲಸವಾದರೂ ಭಯದ ಕೆಲಸವಲ್ಲ. ಅದರ ಹಿಂಗೋಡೆ ಹಾಗಲ್ಲ. ಸಾಲು ಸಾಲಾಗಿ ಕೊಳವೆ ಬಾಯಿಗಳು ಕಾಣುವ ಆ ಟ್ಯೂಬ್‌ಪ್ಲೇಟ್ ಬಾಯ್ಲರಿನದೇ ಭಾಗ. ಅದರ ಕೆಳ ಅಂಚು ತೆಳುವಾಗಿದ್ದರೆ ಬಾಯ್ಲರ್ ಪರೀಕ್ಷಕರ ಪಟ್ಟಿಯಲ್ಲಿ ಅದು ಮೊದಲ ಸಾಲಿಗೆ ಬರಬೇಕು.

ಇಂದೇ ಮಾಡಬಹುದಾದ ಅಗ್ಗದ ಕೆಲಸ: ಚಿಮಣಿಗೆ ಒಂದು ತಗಡಿನ ಟೋಪಿ. ಪೂರ್ತಿ ಬಿಗಿಯಬೇಡಿ, ಅಂಚಿನಲ್ಲಿ ಗಾಳಿಯಾಡಲು ಜಾಗ ಬಿಟ್ಟು ಜಾಲರಿ ಕಟ್ಟಿ. ಆಶ್‌ಪ್ಯಾನಿನ ಬೂದಿಯನ್ನೂ ಅದೇ ದಿನ ತೆಗೆಸಿ.

ಲಕ್ಷಣ: ಟೆಂಡರಿನಲ್ಲಿ ಅರಳಿ ಸಸಿ

ಸಸಿ ಬೆಳೆದಿದೆ ಅಂದರೆ ಕಲ್ಲಿದ್ದಲ ಪುಡಿ, ಎಲೆ, ನೀರು ಮೂರೂ ಅಲ್ಲಿ ನಿಂತಿವೆ. ಎಳೆದು ಕೀಳಬೇಡಿ, ಬೇರು ತಗಡಿನ ಸಂದಿಗೆ ಇಳಿದಿರುತ್ತದೆ. ಬುಡದಲ್ಲಿ ಕತ್ತರಿಸಿ, ಒಣಗಿದ ಮೇಲೆ ಬಿಡಿಸಿ. ತಳದ ನೀರಿನ ದಾರಿಗಳನ್ನು ತಂತಿಯಿಂದ ಚುಚ್ಚಿ ತೆರೆಯಿರಿ. ಟೆಂಡರ್ ಟ್ಯಾಂಕ್ ತೂತಾಗುವುದು ಸಾಮಾನ್ಯ, ಹೊಸದಾಗಿ ಕಟ್ಟುವುದೂ ಸಾಮಾನ್ಯ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಲಕ್ಷಣ: ಪಿತ್ತಾಳೆ, ತಾಮ್ರದ ಭಾಗಗಳು ಕಾಣೆ

ಸೀಟಿ, ಪ್ರೆಶರ್ ಗೇಜ್, ಇಂಜೆಕ್ಟರ್ (ಉಗಿಯ ಬಲದಿಂದ ಬಾಯ್ಲರಿಗೆ ನೀರು ತುಂಬುವ ಸಾಧನ), ಎಣ್ಣೆ ಕೊಳವೆ, ನಂಬರ್ ಪ್ಲೇಟ್ ಹೋಗಿರುವುದು ಸಾಮಾನ್ಯ. 1855ರ ಫೇರಿ ಕ್ವೀನ್‌ನಂಥ ಹೆಸರಾಂತ ಎಂಜಿನ್ನಿನ ಭಾಗಗಳೇ ಕಳುವಾಗಿ ಅದು ದುರಸ್ತಿಗಾಗಿ ವರ್ಷಗಟ್ಟಲೆ ಚೆನ್ನೈನ ಪೆರಂಬೂರು ವರ್ಕ್‌ಶಾಪಿನಲ್ಲಿ ಇರಬೇಕಾಯಿತು. ಇದ್ದದ್ದನ್ನು ಪಟ್ಟಿ ಮಾಡಿ, ಬಿಚ್ಚಿ, ಬೀಗದೊಳಗೆ ಇಡಿ.

ಕಾಣೆಯಾದ ಭಾಗ ಹುಡುಕುವಾಗ ಪಿಸ್ಟನ್ನಿನ ಬಲವನ್ನು ಚಕ್ರಕ್ಕೆ ತಲುಪಿಸುವ ಕನೆಕ್ಟಿಂಗ್ ರಾಡ್, ಚಕ್ರಗಳನ್ನು ಒಂದಕ್ಕೊಂದು ಕೂಡಿಸುವ ಸೈಡ್ ರಾಡ್‌ಗಳ ಮೇಲೆ ಬಣ್ಣ ಒರೆಸಿ ನೋಡಿ, ಒತ್ತಿದ ಅಂಕಿಗಳಿರುತ್ತವೆ. ಅವು ಕ್ಯಾಬಿನ ನಂಬರಿಗೆ ಹೊಂದದಿದ್ದರೆ ಆಶ್ಚರ್ಯಪಡಬೇಡಿ. ವರ್ಕ್‌ಶಾಪಿನಲ್ಲಿ ಒಂದರ ರಾಡ್ ಇನ್ನೊಂದಕ್ಕೆ ಹಾಕಿ ಕಳಿಸುವುದು ಮಾಮೂಲಾಗಿತ್ತು. ಅದೂ ಎಂಜಿನ್ನಿನ ಚರಿತ್ರೆಯೇ. ಉಜ್ಜಿ ಅಳಿಸಬೇಡಿ, ಬರೆದಿಟ್ಟುಕೊಳ್ಳಿ. ವೈಪಿಗಳು ಎಲ್ಲ ತಯಾರಕರದ್ದೂ ಸೇರಿ 871 ಬಂದವು, ಹೆಚ್ಚಿನವು ಜಮ್‌ಶೆಡ್‌ಪುರದ ಟೆಲ್ಕೊದಲ್ಲಿ ಆದವು. ಹಾಗಾಗಿ ಇನ್ನೊಂದು ಕಟ್ಟೆಯ ಮೇಲೆ ನಿಂತ ಅಣ್ಣತಮ್ಮನ ಅಳತೆ ತೆಗೆದು ಹೊಸ ಭಾಗ ಮಾಡಿಸಿಕೊಳ್ಳಲು ಅವಕಾಶ ಇದೆ. ಬಿಚ್ಚಿ ತರಲು ಅಲ್ಲ, ಅಳತೆಗೆ ಮಾತ್ರ.

ಲಕ್ಷಣ: ಚಕ್ರ ಕದಲುವುದೇ ಇಲ್ಲ

ಜೆಸಿಬಿ ಕಟ್ಟಿ ಎಳೆಯುವ ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಅವರನ್ನು ಟೀ ಕುಡಿಯಲು ಕಳಿಸಿ, ನೀವು ಕೆಳಗಿನ ಕ್ರಮದಲ್ಲಿ ನೋಡುತ್ತಾ ಹೋಗಿ. ಅದಕ್ಕೂ ಮೊದಲು ಚಕ್ರಕ್ಕೆ ಎರಡೂ ಕಡೆ ಮರದ ಅಡ್ಡೆ ಕೊಡಿ. ಬಿಗಿದದ್ದು ಬಿಟ್ಟುಕೊಂಡಾಗ ಎಂಜಿನ್ ತಾನೇ ಉರುಳಬಾರದು.

ಕಟ್ಟೆಯ ಕಾಂಕ್ರೀಟು ಚಕ್ರದ ಅಂಚನ್ನು ಕಚ್ಚಿಕೊಂಡಿದೆಯೇ ಎಂದು ಮೊದಲು ನೋಡಿ. ಹಳಿಯ ಮಟ್ಟಕ್ಕೆ ಸಿಮೆಂಟ್ ಹಾಕಿ "ಚೆಂದ" ಮಾಡಿರುತ್ತಾರೆ. ಅದು ಚಕ್ರವನ್ನೂ ಹಿಡಿಯುತ್ತದೆ, ನೀರನ್ನೂ ಹಿಡಿಯುತ್ತದೆ. ಆಮೇಲೆ ಟೆಂಡರಿನ ಹ್ಯಾಂಡ್ ಬ್ರೇಕ್. ತಿರುಪು ಬಿಚ್ಚಿದರೂ ಬ್ರೇಕ್ ಬ್ಲಾಕ್‌ಗಳು ಚಕ್ರಕ್ಕೆ ತುಕ್ಕಿನಿಂದ ಅಂಟಿರಬಹುದು. ಬ್ಲಾಕಿಗೂ ಚಕ್ರಕ್ಕೂ ನಡುವೆ ತೆಳು ತಗಡು ತೂರದಿದ್ದರೆ ಅಂಟಿದೆ ಎಂದೇ ಲೆಕ್ಕ. ಮರದ ಕೊಡತಿಯಿಂದ ತಟ್ಟಿದರೆ ಬಹಳಷ್ಟು ಸಲ ಬಿಡುತ್ತದೆ.

ಇಷ್ಟಾದರೂ ಕದಲದಿದ್ದರೆ ಸಿಲಿಂಡರಿನೊಳಗೆ ಪಿಸ್ಟನ್ ರಿಂಗ್ ಕಚ್ಚಿರಬಹುದು. ಇದನ್ನು ಪಿಸ್ಟನ್ ರಾಡ್ ನೋಡಿಯೇ ಅರ್ಧ ಊಹಿಸಬಹುದು. ಹೊರಗೆ ಕಾಣುವ ರಾಡಿನ ಭಾಗ ಗುಳಿಗುಳಿಯಾಗಿ ತುಕ್ಕು ತಿಂದಿದ್ದರೆ ಒಳಗೂ ಒಳ್ಳೆಯ ಸುದ್ದಿ ಇರುವುದಿಲ್ಲ. ಸಿಲಿಂಡರ್ ತಳದ ಡ್ರೈನ್ ಕಾಕ್‌ಗಳನ್ನು ತೆರೆಯಿರಿ, ಕಟ್ಟಿಕೊಂಡಿದ್ದರೆ ತಂತಿ ತೂರಿಸಿ. ಕೆಂಪು ನೀರು ಸುರಿದರೆ ಇಷ್ಟು ವರ್ಷ ಅದು ಅಲ್ಲೇ ಕೂತಿತ್ತು. ಅದು ಖಾಲಿಯಾದ ಮೇಲೆ ಡೀಸೆಲ್ ಮತ್ತು ತೆಳು ಎಂಜಿನ್ ಆಯಿಲ್ ಬೆರೆಸಿ ಸಿಲಿಂಡರಿನ ಎರಡೂ ತುದಿಗೆ ಸೇರುವಂತೆ ಹಾಕಿ ವಾರಗಟ್ಟಲೆ ಬಿಡಿ. ದಿನಗಟ್ಟಲೆ ಅಲ್ಲ, ವಾರಗಟ್ಟಲೆ. ಎಣ್ಣೆ ನೆಲಕ್ಕೆ ಸೋರದಂತೆ ತಟ್ಟೆ ಇಡಿ, ಹತ್ತಿರ ಬೀಡಿ ಸೇದುವವರನ್ನು ಬಿಡಬೇಡಿ.

ಕನೆಕ್ಟಿಂಗ್ ರಾಡ್ ಬಿಚ್ಚಿ ಪಿಸ್ಟನ್ನನ್ನು ಚಕ್ರದಿಂದ ಬೇರೆ ಮಾಡಿದರೆ ದೋಷ ಯಾವ ಕಡೆ ಇದೆ ಅನ್ನುವುದು ಸ್ಪಷ್ಟವಾಗುತ್ತದೆ. ಎಂಜಿನ್ ಸಣ್ಣ ಜಾಕಿಗೆ ಕದಲಿದರೆ ಕಚ್ಚಿರುವುದು ಪಿಸ್ಟನ್, ಕದಲದಿದ್ದರೆ ಆಕ್ಸಲ್ ಬಾಕ್ಸ್, ಅಂದರೆ ಚಕ್ರದ ಅಚ್ಚು ತಿರುಗುವ ಬೇರಿಂಗಿನ ಗೂಡು. ಆದರೆ ಆ ರಾಡ್ ನಾಲ್ಕಾರು ಜನ ಎತ್ತಿದರೂ ಅಲುಗದಷ್ಟು ಭಾರ. ಚೈನ್ ಪುಲ್ಲಿ, ಭಾರ ತಾಳುವ ಆಸರೆ, ಈ ಕೆಲಸ ಮಾಡಿ ಗೊತ್ತಿರುವ ಫಿಟ್ಟರ್ ಇಲ್ಲದೆ ಮುಟ್ಟಬೇಡಿ. ಬೆರಳು ತೂತಿಗೆ ಹಾಕಿ ಸಾಲು ನೋಡುವ ಅಭ್ಯಾಸ ಇರುವವರು ಬೆರಳು ಕಳೆದುಕೊಳ್ಳುತ್ತಾರೆ.

ಆಕ್ಸಲ್ ಬಾಕ್ಸಿಗೆ ಬಂದರೆ, ಅದರ ತಳದ ಎಣ್ಣೆಯನ್ನು ಸಣ್ಣ ಪಂಪಿನಿಂದ ಎಳೆದು ಗಾಜಿನ ಬಾಟಲಿಯಲ್ಲಿ ನಿಲ್ಲಿಸಿ. ಕಪ್ಪಗೆ ದಪ್ಪಗೆ ಇದ್ದರೆ ಹಳೆಯ ಎಣ್ಣೆ, ಪರವಾಗಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ, ಬೇರಿಂಗ್ ಕೂರುವ ಜಾಗದಲ್ಲಿ ತುಕ್ಕಿನ ಗುಳಿ ಬಿದ್ದಿರಬಹುದು. ಬೆಳ್ಳಿಯಂಥ ಹೊಳೆವ ಚೂರುಗಳು ತಳದಲ್ಲಿ ಕೂತರೆ ಅದು ಬೇರಿಂಗಿನ ಒಳಮೈಯ ಮೆದು ಲೋಹ, ವೈಟ್ ಮೆಟಲ್. ಅಂಥ ಎಂಜಿನ್ನನ್ನು ತನ್ನ ಚಕ್ರದ ಮೇಲೆ ಒಂದು ನಿಲ್ದಾಣದಷ್ಟು ದೂರವೂ ಸಾಗಿಸಬೇಡಿ. ಟ್ರೈಲರ್ ತರಿಸಿ.

ಲಕ್ಷಣ: ಹೊರಗೆ ಚೆನ್ನಾಗಿದೆ, ಬಾಯ್ಲರ್ ಹೇಗಿದೆಯೋ ಗೊತ್ತಿಲ್ಲ

ಕೆಲಸದ ಹೊತ್ತಿನಲ್ಲಿ ವೈಪಿಯ ಬಾಯ್ಲರಿನೊಳಗಿನ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್. ಆ ಒತ್ತಡದಲ್ಲಿ ನೀರು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ, ಕುದಿಯಲಾರದೆ ಕೂತಿರುತ್ತದೆ. ತಗಡು ಹರಿದರೆ ಒತ್ತಡ ಇಳಿದು ಅದರ ದೊಡ್ಡ ಪಾಲು ಕ್ಷಣದಲ್ಲಿ ಉಗಿಯಾಗುತ್ತದೆ. ಮಾಮೂಲು ಗಾಳಿಯೊತ್ತಡದಲ್ಲಿ ಒಂದು ಲೀಟರ್ ನೀರು ಉಗಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಈ ಲೆಕ್ಕ ತಲೆಯಲ್ಲಿರಲಿ. ಈ ವಿಭಾಗದಲ್ಲಿ ನೀವು ಮಾಡುವುದು ನೋಡುವುದು, ತಟ್ಟುವುದು, ಬರೆದುಕೊಳ್ಳುವುದು. ವೆಲ್ಡಿಂಗ್ ಅಲ್ಲ. ಊರಿನ ವೆಲ್ಡರ್ ಎಷ್ಟೇ ನಿಪುಣನಾಗಿರಲಿ, ಬಾಯ್ಲರಿನ ಮೇಲೆ ಒಂದು ಚುಕ್ಕೆಯನ್ನೂ ಹಾಕಿಸಬೇಡಿ.

ಮೊದಲು ಬಾಯ್ಲರ್ ಒಳಗೆ ತೊಳೆಯಲು ಇಟ್ಟ ಬಾಯಿಗಳನ್ನು, ಅಂದರೆ ವಾಶ್‌ಔಟ್ ಪ್ಲಗ್, ಮಡ್‌ಹೋಲ್ ಬಾಗಿಲು ತೆಗೆಸಿ. ಬಾಯ್ಲರಿನಲ್ಲಿ ಈಗಲೂ ನೀರಿದೆಯೇ? ಇದ್ದರೆ ನಿಲ್ಲಿಸಿದ ದಿನದಿಂದ ಖಾಲಿ ಮಾಡಿಲ್ಲ ಎಂದರ್ಥ, ನೀರಿನ ಮಟ್ಟದ ಗೆರೆಯುದ್ದಕ್ಕೂ ಗುಳಿ ಇರಬಹುದು. ಟಾರ್ಚಿನ ಬೆಳಕು ಹಾಯಿಸಿ, ಫೋನ್ ಕ್ಯಾಮೆರಾ ಒಳಗೆ ಹಾಕಿ ನೋಡಿ. ಸುಣ್ಣದಂಥ ಬಿಳಿ ಪದರ ಸ್ಕೇಲ್. ಗಡಸು ನೀರಿನ ಊರುಗಳಲ್ಲಿ ಓಡಿದ ಎಂಜಿನ್ನಿಗೆ ಇದು ಇದ್ದೇ ಇರುತ್ತದೆ. ಅದಕ್ಕಿಂತ ಚಿಂತೆಯದು ಫೈರ್‌ಬಾಕ್ಸಿನ ಬುಡದ ಸುತ್ತ, ಅದರ ಒಳಗೋಡೆ ಹೊರಗೋಡೆಗಳನ್ನು ತಳದಲ್ಲಿ ಕೂಡಿಸುವ ಫೌಂಡೇಶನ್ ರಿಂಗಿನ ಮೇಲೆ ಕೂತ ಕೆಸರು. ಆ ಕೆಸರು ತೇವ ಹಿಡಿದಿಟ್ಟುಕೊಂಡು ತಗಡನ್ನು ಒಳಗಿನಿಂದ ತಿನ್ನುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಆಮೇಲೆ ಫೈರ್‌ಬಾಕ್ಸ್ ಒಳಗೆ ಸ್ಟೇಗಳು. ಒಳಗಿನ ಬೆಂಕಿಗೂಡಿನ ಗೋಡೆಗೂ ಹೊರಗೋಡೆಗೂ ನಡುವೆ ನೂರಾರು ಸರಳುಗಳಿರುತ್ತವೆ. ಎರಡು ಚಪ್ಪಟೆ ಗೋಡೆಗಳನ್ನು ಉಗಿಯ ಒತ್ತಡ ದೂಡಿ ಬೇರೆ ಮಾಡದಂತೆ ಹಿಡಿದಿರುವುದು ಅವೇ. ಹಳೆಯ ಫಿಟ್ಟರ್‌ಗಳು ಒಂದೊಂದರ ತಲೆಯನ್ನೂ ಸುತ್ತಿಗೆಯಿಂದ ತಟ್ಟಿ, ಕೈಗೆ ಬರುವ ಪುಟಿತ ಮತ್ತು ಕಿವಿಗೆ ಬರುವ ಸದ್ದು ಎರಡನ್ನೂ ಕೂಡಿಸಿ ಮುರಿದದ್ದನ್ನು ಹೇಳುತ್ತಿದ್ದರು. ಮುರಿದ ಸ್ಟೇ ಪುಟಿಯುವುದಿಲ್ಲ, ಸದ್ದು ಸತ್ತಂತೆ ಬರುತ್ತದೆ. ಕೆಲವು ಸ್ಟೇಗಳಲ್ಲಿ ಸರಳಿನ ನಟ್ಟನಡುವೆ, ಉದ್ದಕ್ಕೆ ಸಣ್ಣ ತೂತು ಕೊರೆದಿರುತ್ತಾರೆ. ಸ್ಟೇ ಮುರಿದರೆ ಅದರಿಂದ ನೀರು ಜಿನುಗಿ ಗುಟ್ಟು ಹೇಳಲಿ ಅಂತ. ಆ ತೂತಿನಿಂದ ಇಳಿದ ಬಿಳಿ ಅಥವಾ ಕೆಂಪು ಗೆರೆ ಕಂಡರೆ ಆ ಸ್ಟೇ ಹಿಂದೆಯೇ ಮುರಿದಿತ್ತು ಎಂದು ಗುರುತು ಹಾಕಿ. ತೂತನ್ನೇ ಯಾರಾದರೂ ಬಡಿದು ಮುಚ್ಚಿದ್ದರೆ ಇನ್ನಷ್ಟು ಅನುಮಾನಪಡಿ. ಒಂದೊಂದು ಮುರಿದ ಸ್ಟೇ ಅಲ್ಲಲ್ಲಿ ಇದ್ದರೆ ದುರಸ್ತಿ. ಒಂದರ ಪಕ್ಕ ಒಂದು, ಗುಂಪಾಗಿ ಮುರಿದಿದ್ದರೆ ಅಲ್ಲಿಯ ತಗಡು ಯಾರ ಹಿಡಿತವೂ ಇಲ್ಲದೆ ನಿಂತಿದೆ. ಎರಡು ಸ್ಟೇ ನಡುವೆ ತಗಡು ದಿಂಬಿನಂತೆ ಉಬ್ಬಿದ್ದರೆ ಅದು ಹಿಂದೊಮ್ಮೆ ಕೆಂಪಗೆ ಕಾದಿತ್ತು.

ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಬಾಡಿಗೆಗೂ ಸಿಗುತ್ತದೆ, ಆದರೆ ಓದುವವರು ಗೊತ್ತಿದ್ದವರಾಗಿರಬೇಕು. ತುಕ್ಕಿನ ಪದರದ ಮೇಲೆಯೇ ಇಟ್ಟರೆ ಸುಳ್ಳು ಅಂಕಿ ಬರುತ್ತದೆ. ರೂಪಾಯಿ ನಾಣ್ಯದಷ್ಟು ಜಾಗ ಹೊಳೆಯುವಂತೆ ಉಜ್ಜಿ ಅಳೆಯಬೇಕು. ಚೌಕ ಚೌಕವಾಗಿ ನಕ್ಷೆ ಬರೆದು ಬಾಯ್ಲರ್ ತಳ, ಫೌಂಡೇಶನ್ ರಿಂಗಿನ ಸುತ್ತ, ಟ್ಯೂಬ್‌ಪ್ಲೇಟ್ ಕೆಳಗೆ ಹೆಚ್ಚು ಅಂಕಿ ತೆಗೆಯಿರಿ. ಸರಾಸರಿ ಯಾರಿಗೂ ಬೇಡ. ಎಲ್ಲಕ್ಕಿಂತ ತೆಳು ಎಲ್ಲಿದೆ ಅನ್ನುವುದೇ ಬೇಕಾದ್ದು.

ಇಲ್ಲಿ ನಿಲ್ಲಿಸಿ. ಇದರಾಚೆಗಿನ ತೀರ್ಪು ಅಧಿಕಾರವುಳ್ಳ ಬಾಯ್ಲರ್ ಪರೀಕ್ಷಕರದ್ದು ಅಥವಾ ರೈಲ್ವೆಯ ಮೆಕ್ಯಾನಿಕಲ್ ವಿಭಾಗದ್ದು. ಕೆಲಸ ಗೊತ್ತಿರುವ ಕೈಗಳು ಇನ್ನೂ ಇವೆ: ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪ್ ನೀಲಗಿರಿ ರೈಲಿಗೆ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿಕೊಟ್ಟಿದೆ, ಹರಿಯಾಣದ ರೇವಾಡಿ ಶೆಡ್ಡಿನಲ್ಲಿ ಡಬ್ಲ್ಯೂಪಿಯಂಥ ದೊಡ್ಡ ಎಂಜಿನ್‌ಗಳು ಉಗಿ ಎಬ್ಬಿಸುತ್ತವೆ. ವರದಿ "ಬಾಯ್ಲರ್ ಆಗುವುದಿಲ್ಲ" ಎಂದು ಬಂದರೆ ಅದು ಸೋಲಲ್ಲ. ಸೂರಿನಡಿ ಒಣಗಿ, ಚಕ್ರ ತಿರುಗುವ ಸ್ಥಿತಿಯಲ್ಲಿ, ಎಲ್ಲ ಭಾಗಗಳೊಂದಿಗೆ ನಿಂತ ಎಂಜಿನ್ ನನ್ನ ಲೆಕ್ಕದಲ್ಲಿ ಪೂರ್ತಿ ಉಳಿದ ಎಂಜಿನ್. ಹೊಸ ಬಾಯ್ಲರ್ ಹಾಕಿ ಓಡಿಸಬೇಕೆಂಬ ಹಟಕ್ಕೆ ಹಳೆಯ ಬಾಯ್ಲರನ್ನು ಗುಜರಿಗೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಲಕ್ಷಣ: ನೀರಿನ ಪರೀಕ್ಷೆಯಲ್ಲಿ ಸೋರಿಕೆ

ಪರೀಕ್ಷಕರು ಒಪ್ಪಿದರೆ ಬಾಯ್ಲರನ್ನು ಪೂರ್ತಿ ನೀರಿನಿಂದ ತುಂಬಿ, ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ಮಾಡಿ, ಪಂಪಿನಿಂದ ಒತ್ತಡ ಏರಿಸುತ್ತಾರೆ. ಎಷ್ಟಕ್ಕೆ ಏರಿಸಬೇಕೆಂದು ಹೇಳುವವರು ಅವರೇ. ತಣ್ಣೀರು ಹಿಂಡಿದರೆ ಕುಗ್ಗುವುದಿಲ್ಲ, ಹಾಗಾಗಿ ತಗಡು ಬಿಟ್ಟರೂ ಸಿಡಿಯುವುದಿಲ್ಲ. ಗಾಳಿಯಿಂದ, ಅಂದರೆ ಕಂಪ್ರೆಸರ್ ಹಚ್ಚಿ ಪರೀಕ್ಷೆ ಮಾಡುವ ಯೋಚನೆ ಯಾರಿಗೇ ಬಂದರೂ ಅವರನ್ನು ಅಲ್ಲಿಂದ ಎಬ್ಬಿಸಿ ಕಳಿಸಿ.

ಪ್ಲಗ್, ಬಾಗಿಲುಗಳ ಸೋರಿಕೆ ಅಗ್ಗದ್ದು: ತಿರುಪು, ಜಾಯಿಂಟ್ ಬದಲಾಯಿಸಿ. ಟ್ಯೂಬ್ ಬಾಯಿಯಲ್ಲಿ ಹನಿ ಕಟ್ಟಿದರೆ ಟ್ಯೂಬನ್ನು ಮತ್ತೆ ಅಗಲಿಸಿ ಕೂರಿಸಬಹುದು. ಆದರೆ ಟ್ಯೂಬಿನ ನಡುವಿನಿಂದ ನೀರು ಬಂದರೆ ಆ ಒಂದನ್ನು ಬದಲಾಯಿಸಿ ಪ್ರಯೋಜನವಿಲ್ಲ, ಉಳಿದವೂ ಅದೇ ವಯಸ್ಸಿನವು. ಸ್ಟೇ ತೂತಿನ ಜಿನುಗು ಎಂದರೆ ಮುರಿದ ಸ್ಟೇ. ರಿವೆಟ್ ಸೇರುವೆಯಲ್ಲಿ ತಲೆಗೂದಲಿನಂಥ ಗೆರೆಯಲ್ಲಿ ನೀರು ಒಸರಿದರೆ ಪರೀಕ್ಷೆಯನ್ನು ಅಲ್ಲೇ ನಿಲ್ಲಿಸುತ್ತಾರೆ. ಅದು ಬಿರುಕಿರಬಹುದು.

ಬೆಂಕಿ ಹಾಕಿದ ಮೇಲೆ ಕಾಣುವ ಲಕ್ಷಣಗಳು

ಇಲ್ಲಿಗೆ ಬರುವ ಎಂಜಿನ್‌ಗಳು ಕಡಿಮೆ. ಬಂದರೆ, ಪ್ರಮಾಣಪತ್ರ ಇರುವ ಡ್ರೈವರ್ ಇಲ್ಲದೆ ಕಡ್ಡಿ ಗೀರಬೇಡಿ. ತಣ್ಣಗಿನ ಬಾಯ್ಲರನ್ನು ಬೆಳಿಗ್ಗೆ ಹೊತ್ತಿಸಿ ಮಧ್ಯಾಹ್ನ ಓಡಿಸುವ ಅವಸರವೂ ಬೇಡ. ತಳ ತಣ್ಣಗಿದ್ದು ನೆತ್ತಿ ಕಾದರೆ ತಗಡುಗಳು ಬೇರೆ ಬೇರೆ ಅಳತೆಗೆ ಹಿಗ್ಗಿ ಸ್ಟೇಗಳನ್ನು ಜಗ್ಗುತ್ತವೆ. ಸಣ್ಣ ಸೌದೆ ಬೆಂಕಿಯಲ್ಲಿ ಒಂದು ಹಗಲು ಒಂದು ರಾತ್ರಿ ಕಾಯಿಸಿ.

*ಗೇಜ್ ಗ್ಲಾಸಿನಲ್ಲಿ ನೀರು ಅಲುಗುತ್ತಿಲ್ಲ.* ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇದು. ಎಂಜಿನ್ ಕದಲಿದಾಗ ಗಾಜಿನಲ್ಲಿ ನೀರು ಕುಣಿಯಬೇಕು. ನಿಶ್ಚಲವಾಗಿದ್ದರೆ ದಾರಿ ಕಟ್ಟಿದೆ. ಕೆಳಗಿನ ಡ್ರೈನ್ ತೆರೆದು ಮುಚ್ಚಿದಾಗ ನೀರು ಚುರುಕಾಗಿ ಏರಬೇಕು. ತೆವಳುತ್ತಾ ಏರಿದರೆ ಆ ಗಾಜನ್ನು ನಂಬಬೇಡಿ. ಎರಡು ಗಾಜುಗಳು ಬೇರೆ ಬೇರೆ ಮಟ್ಟ ತೋರಿಸಿದರೆ ತಗ್ಗಿನದೇ ನಿಜ ಎಂದು ನಡೆದುಕೊಳ್ಳಿ. 1995ರ ಜೂನ್ 16ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಗೆಟಿಸ್‌ಬರ್ಗ್ ರೈಲ್‌ರೋಡಿನ 1278ನೇ ನಂಬರಿನ ಎಂಜಿನ್ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದಾಗ ನೀರು ತಗ್ಗಿ ಫೈರ್‌ಬಾಕ್ಸಿನ ನೆತ್ತಿ ಹರಿಯಿತು, ಕ್ಯಾಬಿನಲ್ಲಿದ್ದ ಮೂವರು ಸುಟ್ಟುಕೊಂಡರು. ನೀರಿನ ಗೇಜಿನ ದಾರಿಯಲ್ಲಿ ಸ್ಕೇಲ್ ಕಟ್ಟಿತ್ತೆಂದು ತನಿಖೆಯಲ್ಲಿ ಹೊರಬಿತ್ತು. ಆಮೇಲೆ ಅಲ್ಲಿ ತಪಾಸಣೆಯ ನಿಯಮಗಳನ್ನೇ ತಿರುಗಿ ಬರೆದರು: 1,472 ದಿನ ಓಡಿದ ಮೇಲೆ ಅಥವಾ 15 ವರ್ಷಕ್ಕೆ, ಯಾವುದು ಮೊದಲೋ ಆಗ, ಬಾಯ್ಲರ್ ಬಿಚ್ಚಿ ನೋಡಲೇಬೇಕು.

ಗಾಜಿನಲ್ಲಿ ನೀರೇ ಕಾಣದಿದ್ದರೆ ಇಂಜೆಕ್ಟರ್ ಹಚ್ಚಬೇಡಿ. ಕಾದು ಕೆಂಪಾದ ತಗಡಿಗೆ ತಣ್ಣೀರು ತಾಗುವುದು ಎಲ್ಲಕ್ಕಿಂತ ಕೆಟ್ಟದ್ದು. ಒದ್ದೆ ಬೂದಿಯಿಂದ ಬೆಂಕಿ ಮುಚ್ಚಿ, ಬೆಂಕಿಗೆ ಗಾಳಿ ಬಿಡುವ ಡ್ಯಾಂಪರ್ ಮುಚ್ಚಿ, ಎಲ್ಲರೂ ದೂರ ಹೋಗಿ.

*ಇಂಜೆಕ್ಟರ್ ನೀರು ಎತ್ತುತ್ತಿಲ್ಲ, ಕೆಳಗಿನ ಕೊಳವೆಯಿಂದ ಉಗಿ ನೀರು ಎರಡೂ ಸುರಿಯುತ್ತಿದೆ.* ಟೆಂಡರಿನ ನೀರು ಬಿಸಿಯಾಗಿದೆಯೇ ಕೈಯಿಟ್ಟು ನೋಡಿ. ಬಿಸಿ ನೀರನ್ನು ಇಂಜೆಕ್ಟರ್ ಹಿಡಿಯುವುದಿಲ್ಲ. ಆಮೇಲೆ ಟೆಂಡರಿನ ಜಾಲರಿಯಲ್ಲಿ ಎಲೆ, ಹೋಸ್ ಪೈಪಿನಲ್ಲಿ ಗಾಳಿ ಎಳೆಯುವ ಸಂದು. ಇಂಜೆಕ್ಟರಿನೊಳಗಿನ ಕೋನ್‌ಗಳಲ್ಲಿ ಸ್ಕೇಲ್ ಕಟ್ಟಿದೆಯೇ ಅನ್ನುವುದನ್ನು ಕಡೆಗೆ ನೋಡಿ. ಎರಡು ಇಂಜೆಕ್ಟರಲ್ಲಿ ಒಂದೇ ಕೆಲಸ ಮಾಡುತ್ತಿದ್ದರೆ ಆ ದಿನ ಓಡಿಸಬೇಡಿ.

*ಬೆಂಕಿ ಚೆನ್ನಾಗಿದೆ, ಉಗಿ ಏರುತ್ತಿಲ್ಲ.* ಹೊಸ ಫೈರ್‌ಮನ್ ಇನ್ನಷ್ಟು ಕಲ್ಲಿದ್ದಲು ಹಾಕುತ್ತಾನೆ, ಚಿಮಣಿ ಕರಿ ಹೊಗೆ ಉಗುಳುತ್ತದೆ. ದೋಷ ಹೆಚ್ಚಾಗಿ ಮುಂದೆ ಇರುತ್ತದೆ. ಸ್ಮೋಕ್‌ಬಾಕ್ಸ್ ಬಾಗಿಲ ಅಂಚಿನಲ್ಲಿ ಗಾಳಿ ನುಗ್ಗಿದರೆ ಎಳೆತ ಸಾಯುತ್ತದೆ. ಬಾಗಿಲ ಅಂಚಿನಲ್ಲಿ ಬಣ್ಣ ಒಂದೇ ಕಡೆ ಸುಟ್ಟಿದ್ದರೆ ಒಳಗೆ ಅಲ್ಲಿಯ ಬೂದಿ ಗಾಳಿ ತಾಗಿ ಉರಿಯುತ್ತಿದೆ, ಸಂದು ಅಲ್ಲೇ. ಟ್ಯೂಬ್‌ಗಳಲ್ಲಿ ಮಸಿ ಕಟ್ಟಿದ್ದರೂ ಹೀಗೇ ಆಗುತ್ತದೆ.

*ಚಿಮಣಿಯ ಸದ್ದು ತಾಳ ತಪ್ಪಿದೆ.* ಎರಡು ಸಿಲಿಂಡರಿನ ಎಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ "ಚಕ್" ಅನ್ನಬೇಕು, ನಾಲ್ಕೂ ಒಂದೇ ತೂಕದಲ್ಲಿ. ಒಂದು ಬಡಿತ ಕುಂಟಿದರೆ ಸಿಲಿಂಡರಿಗೆ ಉಗಿ ಬಿಡುವ ಹೊತ್ತನ್ನು ಹಿಡಿತದಲ್ಲಿಡುವ ವಾಲ್ವ್ ಗೇರಿನ ಹೊಂದಾಣಿಕೆ ತಪ್ಪಿದೆ. ಬಡಿತಗಳ ನಡುವೆ ಬಿಡದೆ "ಸುಸ್" ಅನ್ನುತ್ತಿದ್ದರೆ ಪಿಸ್ಟನ್ ಅಥವಾ ವಾಲ್ವ್ ರಿಂಗ್ ಉಗಿ ಬಿಡುತ್ತಿದೆ. ಅಪಾಯವಿಲ್ಲ, ಕಲ್ಲಿದ್ದಲು ದಂಡ.

*ಚಿಮಣಿಯಿಂದ ನೀರು ಎರಚುತ್ತಿದೆ.* ಬಾಯ್ಲರ್ ಅತಿಯಾಗಿ ತುಂಬಿದೆ, ಇಲ್ಲವೇ ನೀರು ಕೊಳಕಾಗಿ ನೊರೆ ಕಟ್ಟುತ್ತಿದೆ. ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ತಗ್ಗಿಸಿ, ಸಿಲಿಂಡರ್ ಡ್ರೈನ್ ಕಾಕ್ ತೆರೆಯಿರಿ. ಪಿಸ್ಟನ್ನಿನ ಮುಂದೆ ಸಿಕ್ಕಿಕೊಂಡ ನೀರು ಸಿಲಿಂಡರಿನ ಮುಚ್ಚಳವನ್ನೇ ಒಡೆಯಬಲ್ಲದು. ಆ ಹೊತ್ತಿಗೆ ಎಂಜಿನ್ನಿನ ಪಕ್ಕದಲ್ಲಿ ಫೋಟೊ ತೆಗೆಯುತ್ತಾ ನಿಂತವರನ್ನು ಮೊದಲು ಸರಿಸಿ.

*ಒತ್ತಡ ಗೇಜಿನ ಗೆರೆ ದಾಟಿದರೂ ಸೇಫ್ಟಿ ವಾಲ್ವ್ ಏಳುತ್ತಿಲ್ಲ.* ಬೆಂಕಿ ತಗ್ಗಿಸಿ, ಇಂಜೆಕ್ಟರ್ ಹಚ್ಚಿ, ಆ ದಿನದ ಓಟ ಮುಗಿಸಿ. ವಾಲ್ವ್ ತಿರುಗಿಸಲು ಸ್ಪ್ಯಾನರ್ ಹುಡುಕಬೇಡಿ. ಅದರ ಸೀಲ್ ಒಡೆಯುವ ಹಕ್ಕು ಪರೀಕ್ಷಕರಿಗೆ ಮಾತ್ರ.

*ಆಕ್ಸಲ್ ಬಾಕ್ಸ್ ಬಿಸಿ.* ಮೊದಲ ಓಟದಲ್ಲಿ ಮೈಲಿಗೊಮ್ಮೆ ನಿಲ್ಲಿಸಿ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ತಡೆಯಲಾರದಷ್ಟು ಕಾದಿದ್ದರೆ ಎಣ್ಣೆಯ ಬತ್ತಿ ಒಣಗಿದೆಯೇ, ಎಣ್ಣೆ ಹಚ್ಚುವ ಪ್ಯಾಡ್ ಸರಿಯಾಗಿ ತಾಗುತ್ತಿದೆಯೇ ನೋಡಿ. ನೀರು ಸುರಿದು ತಣಿಸಬೇಡಿ, ಆಕ್ಸಲ್ ಬಿರುಕು ಬಿಡಬಹುದು. ಸುಟ್ಟ ಎಣ್ಣೆಯ ವಾಸನೆಯೊಂದಿಗೆ ಹೊಗೆ ಎದ್ದಿದ್ದರೆ ವೈಟ್ ಮೆಟಲ್ ಕರಗಲು ಶುರುವಾಗಿದೆ. ತಣಿಯುವವರೆಗೆ ಅಲ್ಲೇ ನಿಲ್ಲಿಸಿ, ಆಮೇಲೆ ನಡಿಗೆಯ ವೇಗದಲ್ಲಿ ಹತ್ತಿರದ ಸೈಡಿಂಗಿಗೆ ಸೇರಿಸಿ. ಆ ಬೇರಿಂಗ್ ಬಿಚ್ಚಿ ನೋಡುವ ತನಕ ಮುಂದಿನ ಓಟದ ಟಿಕೆಟ್ ಮಾರಬೇಡಿ.